ನೀಲಿ ನೀರು ಕೆಂಪಾದ ಸಂಜೆ

ಮನೆಯಿಂದ,
ಭಾನುವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಮಗನೇ,

ನಿನ್ನ ಕೆಮ್ಮು ಹೇಗಿದೆ? ಫೋನಿನಲ್ಲಿ ಕೇಳಿದರೆ "ಚೆನ್ನಾಗಿದೀನಮ್ಮ" ಅನ್ನುತ್ತೀಯ, ಅಂದ ಮರುಗಳಿಗೆಯಲ್ಲೇ ಫೋನನ್ನು ದೂರ ಹಿಡಿದು ಕೆಮ್ಮುತ್ತೀಯ. ಸೂಜಿಗೆ ದಾರ ಪೋಣಿಸಲು ಈಗ ನನಗೆ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಬೇಕು, ಅದು ನಿಜ, ಆದರೆ ಕಿವಿಗೇನೂ ವಯಸ್ಸಾಗಿಲ್ಲ. ಸುರಂಗದ ಕೆಲಸಕ್ಕೆ ಒಳಗೆ ಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ನಾನು ಹೊಲಿದು ಕಳಿಸಿದ ಮುಖಗವಸುಗಳನ್ನೆಲ್ಲ ಜೊತೆಯವರಿಗೆ ಹಂಚಿ ನೀನು ಬರೀ ಮೂಗಿನಲ್ಲಿ ಓಡಾಡುತ್ತಿರುತ್ತೀಯ ಅಂತ ನನಗೆ ಅನುಮಾನ. ಚಿಕ್ಕವನಿದ್ದಾಗಲೂ ಹಾಗೇ ತಾನೆ, ಛತ್ರಿ ಕೊಟ್ಟು ಕಳಿಸಿದರೆ ಛತ್ರಿ ಬೇರೆ ಯಾರದೋ ಮನೆಗೆ ಹೋಗುತ್ತಿತ್ತು, ನೀನು ನೆನೆದು ತೊಪ್ಪೆಯಾಗಿ ನಮ್ಮ ಮನೆಗೆ ಬರುತ್ತಿದ್ದೆ. ಈ ಸಲ ಇನ್ನೂ ಒಂದಷ್ಟು ಕಳಿಸುತ್ತಿದ್ದೇನೆ. ಹಂಚು, ಬೇಡ ಅನ್ನುವುದಿಲ್ಲ. ಆದರೆ ಕಪ್ಪು ಅಂಚಿನದು ನಿನ್ನದು, ಅದನ್ನು ಯಾರಿಗೂ ಕೊಡಬೇಡ.

ವಾರ ವಾರ ಫೋನ್ ಮಾಡುವ ಮಗನಿಗೆ ಅಮ್ಮ ಕೂತುಕೊಂಡು ಕಾಗದ ಬರೆಯುತ್ತಿದ್ದಾಳಲ್ಲ, ಏನು ಗ್ರಹಚಾರವೋ ಅಂತ ಹೆದರಬೇಡ. ಮಗು ಚೆನ್ನಾಗಿದೆ. ನಿನ್ನ ಹೆಂಡತಿಯೂ ಈಗ ಚೆನ್ನಾಗಿದ್ದಾಳೆ. ಈ ಮನೆಯಲ್ಲಿ ಫೋನ್ ಬಂದರೆ ಅದನ್ನು ಮೇಜಿನ ಮಧ್ಯೆ ನಿಲ್ಲಿಸಿ ಎಲ್ಲರೂ ಸುತ್ತ ಕೂರುತ್ತೇವೆ, ನಾನು ಒಂದು ಮಾತು ಶುರುಮಾಡುವಷ್ಟರಲ್ಲಿ ನಿನ್ನ ಅಕ್ಕನ ಮಗಳು ನಡುವೆ ತಲೆ ತೂರಿಸಿ ಮಾತು ಮುಗಿಸಿಬಿಡುತ್ತಾಳೆ. ಅವಳಿಗೆ ಲಾಯರಮ್ಮ ಅಂತ ಹೆಸರಿಟ್ಟವನು ನೀನೇ, ಅನುಭವಿಸುತ್ತಿರುವವಳು ನಾನು. ಅವಳ ಅಮ್ಮ ಬಸ್ಸು ಓಡಿಸಿಕೊಂಡು ಡಿಪೋಗೆ ಮರಳುವ ತನಕ ಶಾಲೆಯಿಂದ ನೇರ ಇಲ್ಲಿಗೇ ಬರುತ್ತಾಳೆ, ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ವಾದ ಮಂಡಿಸುತ್ತಾಳೆ. ಮೊನ್ನೆ ಹೇಳಿದ್ದು, "ಅಜ್ಜಿ, ನಿನ್ನೆ ತೊಳೆದ ಕಾಲನ್ನ ಇವತ್ತು ಮತ್ತೆ ಯಾಕೆ ತೊಳೀಬೇಕು, ನಾನು ಶೂ ಬಿಚ್ಚೇ ಇಲ್ವಲ್ಲ?" ಇಂಥವಳ ಎದುರು ಫೋನಿನಲ್ಲಿ ಏನು ತಾನೆ ಹೇಳಲಿ. ಅದಕ್ಕೇ ಕಾಗದ.

ನಿನ್ನ ಹೆಂಡತಿ ಸ್ವಲ್ಪ ದಿನ ಚೆನ್ನಾಗಿರಲಿಲ್ಲ ಕಣೋ. ಜ್ವರ ಗಿರ ಏನಲ್ಲ. ನಿನ್ನ ಎದುರಿಗೆ ನಗುತ್ತಲೇ ಇದ್ದಳು, ಫೋನ್ ಇಟ್ಟ ಮೇಲೆ ಆ ನಗುವನ್ನೂ ಜೊತೆಗೇ ಇಟ್ಟುಬಿಡುತ್ತಿದ್ದಳು. ಮಗು ಮೊದಮೊದಲು ಎದೆಗೆ ಸರಿಯಾಗಿ ಬಾಯಿ ಹಾಕುತ್ತಿರಲಿಲ್ಲವಲ್ಲ, ಹಾಲನ್ನು ಪಂಪಿನಲ್ಲಿ ಹಿಂಡಿ ಬಾಟಲಿಯಲ್ಲಿ ಕೊಡಿ ಅಂತ ಕ್ಲಿನಿಕ್ಕಿನ ನರ್ಸಮ್ಮ ಹೇಳಿದ್ದರು. ಆ ಬಾಟಲಿಯೇ ಎಲ್ಲಕ್ಕೂ ಮೂಲವಾಯಿತು. ಎದೆಯಲ್ಲಿದ್ದಾಗ ಯಾರೂ ನೋಡದ ಹಾಲು ಗಾಜಿನಲ್ಲಿ ಬಂದು ಕೂತಿತು. ಪಕ್ಕದಲ್ಲೇ ನಮ್ಮ ಪ್ಯಾಕೆಟ್ ಹಾಲಿನ ಪಾತ್ರೆ. ಅದು ಬೆಳ್ಳಗೆ, ದಪ್ಪಗೆ, ಕೆನೆ ಕಟ್ಟಿಕೊಂಡು ಜಂಬದಿಂದ ಕೂತಿದೆ. ಇವಳದ್ದು ತೆಳ್ಳಗೆ, ಬೆಳಕಿಗೆ ಹಿಡಿದರೆ ಸ್ವಲ್ಪ ನೀಲಿ. "ಇದರಲ್ಲಿ ಏನೂ ಇಲ್ಲ ಅತ್ತೆ, ಬರೀ ನೀರು" ಅಂದಳು ಒಂದು ದಿನ. ನಾನು ನಕ್ಕು ತಳ್ಳಿಹಾಕಿದೆ. ಅಮ್ಮಂದಿರ ಹಾಲು ಇರುವುದೇ ಹಾಗೆ ಅಂದೆ. ಆದರೆ ಆ ಮಾತು ಅವಳ ಕಿವಿಯ ತನಕ ಮಾತ್ರ ಹೋಯಿತು. ಯಾರೋ ಅವಳ ತಲೆಗೆ ಹುಳ ಬಿಟ್ಟಿದ್ದರು. ಯಾರು ಅಂತ ಎಷ್ಟು ಕೇಳಿದರೂ ಆಗ ಬಾಯಿ ಬಿಡಲಿಲ್ಲ.

ಅದೇ ಹೊತ್ತಿಗೆ ನರ್ಸಮ್ಮ ಮಗುವನ್ನು ತೂಗಿ, "ತೂಕ ಸ್ವಲ್ಪ ನಿಧಾನ, ಪರವಾಗಿಲ್ಲ, ಹಾಲು ಕೊಡ್ತಾ ಇರಿ" ಅಂದರು. ಅಷ್ಟು ಮಾತಿನಲ್ಲಿ ಇವಳ ಕಿವಿಗೆ ಬಿದ್ದದ್ದು "ನಿಧಾನ" ಒಂದೇ. ಬರುವಾಗ ದಾರಿಯಲ್ಲೇ ಔಷಧಿ ಅಂಗಡಿಗೆ ಹೊಕ್ಕು ಹಾಲಿನ ಪುಡಿಯ ಡಬ್ಬಿ ತಂದಳು. ಡಬ್ಬಿ ಹಾಲಿನ ಮೇಲೆ ನನಗೆ ಜಗಳವಿಲ್ಲಪ್ಪ. ನಿನ್ನ ಅಕ್ಕ ಅದನ್ನೇ ಕುಡಿದು ಬೆಳೆದವಳು, ಈಗ ಅಷ್ಟು ದೊಡ್ಡ ಬಸ್ಸನ್ನು ಒಂದೇ ಕೈಯಲ್ಲಿ ತಿರುಗಿಸುತ್ತಾಳೆ. ನನಗೆ ಸಂಕಟವಾದದ್ದು ಬೇರೆಯದಕ್ಕೆ. ಪಂಪಿನಲ್ಲಿ ಹಿಂಡಿದ್ದನ್ನು ಅವಳು ಸಿಂಕಿಗೆ ಚೆಲ್ಲುತ್ತಿದ್ದಳು. ಚೆಲ್ಲಿ, ನಲ್ಲಿ ತಿರುಗಿಸಿ, ಬಟ್ಟೆಯಲ್ಲಿ ಸಿಂಕನ್ನು ಒರೆಸಿ, ಏನೋ ತಪ್ಪು ಮಾಡಿದವಳ ಹಾಗೆ ಹಿಂದೆ ತಿರುಗಿ ನೋಡುತ್ತಿದ್ದಳು. ಮಗುವನ್ನು ಎತ್ತಿಕೊಳ್ಳುವುದೂ ಕಡಿಮೆಯಾಯಿತು. ಅತ್ತರೆ ನನ್ನ ಕೈಗೆ ಕೊಡುತ್ತಿದ್ದಳು. "ನಿಮ್ಮ ಹತ್ತಿರ ಸುಮ್ಮನಾಗತ್ತೆ, ನನ್ನ ಹತ್ತಿರ ಏನಿದೆ" ಅನ್ನುತ್ತಿದ್ದಳು. ತಾಯಿಯಿಲ್ಲದ ಹುಡುಗಿ, ಇಂಥ ಹೊತ್ತಿನಲ್ಲಿ ಮಡಿಲಲ್ಲಿ ತಲೆಯಿಟ್ಟು ಅಳಲು ಅವಳಿಗೆ ಸ್ವಂತದವರಿಲ್ಲ. ನಾನಿದ್ದೇನೆ, ಆದರೂ ನಾನು ಗಂಡನ ತಾಯಿ. ನನ್ನೆದುರು ಅವಳು ಅಳುವ ಮೊದಲು ಸೆರಗು ಸರಿಮಾಡಿಕೊಳ್ಳುತ್ತಾಳೆ.

ಇನ್ನು ಲಾಯರಮ್ಮನ ಶಾಲೆಯ ವಿಷಯ. ಇದಕ್ಕೂ ಅದಕ್ಕೂ ಏನು ಸಂಬಂಧ ಅನ್ನಬೇಡ, ತಾಳ್ಮೆಯಿಂದ ಓದು. ಅವರ ವಿಜ್ಞಾನದ ತರಗತಿಯಲ್ಲಿ ತಿನ್ನುವ ಪದಾರ್ಥಗಳಲ್ಲಿ ಸಕ್ಕರೆ ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುವ ಪಾಠ ನಡೆದಿತ್ತು. ಒಂದು ನೀಲಿ ದ್ರಾವಣವಿದೆಯಂತೆ. ಅದಕ್ಕೆ ಮಾರುದ್ದದ ಹೆಸರೊಂದಿದೆ, ನನಗೆ ನೀಲಿ ನೀರು ಅಂದರೆ ಸಾಕು. ಗಾಜಿನ ಕೊಳವೆಯಲ್ಲಿ ತಿನ್ನುವ ವಸ್ತುವಿನ ರಸ ಸ್ವಲ್ಪ, ನೀಲಿ ನೀರು ಸ್ವಲ್ಪ ಹಾಕಿ ಬಿಸಿನೀರಿನಲ್ಲಿ ಇಳಿಬಿಟ್ಟರೆ ಸಕ್ಕರೆ ಇದ್ದಷ್ಟೂ ಬಣ್ಣ ತಿರುಗುತ್ತದೆ. ಸ್ವಲ್ಪ ಇದ್ದರೆ ಹಸಿರು, ಇನ್ನೂ ಇದ್ದರೆ ಹಳದಿ, ಆಮೇಲೆ ಕಿತ್ತಳೆ, ಜಾಸ್ತಿ ಇದ್ದರೆ ಇಟ್ಟಿಗೆ ಕೆಂಪು. ಮಕ್ಕಳೆಲ್ಲ ಮನೆಯಿಂದ ಏನೇನೋ ಹೊತ್ತುಕೊಂಡು ಹೋದರು. ನಮ್ಮ ಅಡುಗೆಮನೆಯಿಂದ ಬಾಳೆಹಣ್ಣು, ಈರುಳ್ಳಿ, ಆಲೂಗಡ್ಡೆ ಹೋದವು. ಜೇನುತುಪ್ಪ ಕೆಂಪಾಯಿತು, ಬಾಳೆಹಣ್ಣೂ ಆಯಿತು, ಆಲೂಗಡ್ಡೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಕಣ್ಣೀರು ಬರಿಸುವ ಈರುಳ್ಳಿಯೂ ಕಿತ್ತಳೆಯಾಯಿತಂತೆ. ದೊಡ್ಡ ತಮಾಷೆ ಅಂದರೆ ಯಾರೋ ಚಹಾಕ್ಕೆ ಹಾಕುವ ಸಕ್ಕರೆಯನ್ನೇ ಕರಗಿಸಿ ಇಟ್ಟರು, ಅದು ಮಾತ್ರ ನೀಲಿಯಾಗಿಯೇ ಕೂತಿತು! ಸಕ್ಕರೆಯೇ ಸಕ್ಕರೆ ಪರೀಕ್ಷೆಯಲ್ಲಿ ಫೇಲು. ಸಕ್ಕರೆಯಲ್ಲೂ ಜಾತಿ ಹಲವು, ಈ ನೀಲಿ ನೀರಿಗೆ ಅದೊಂದು ಸಿಗುವುದಿಲ್ಲ ಅಂತ ಅವರ ಮೇಡಂ ಹೇಳಿದರಂತೆ. ನನಗಂತೂ ಇದು ಸಮಾಧಾನದ ಸುದ್ದಿ. ನಾನು ಕುಡಿಯುವುದು ಹಾಲಿಲ್ಲದ ಚಹಾ, ಅದಕ್ಕೆ ಎಷ್ಟು ಚಮಚ ಬೀಳುತ್ತದೆ ಅಂತ ಲಾಯರಮ್ಮನ ಕೊಳವೆಗೆ ಎಂದೂ ಗೊತ್ತಾಗುವುದಿಲ್ಲ. ನೀನೂ ಹೇಳಬೇಡ.

ಇಷ್ಟು ಕಲಿತುಕೊಂಡು ಬಂದ ಲಾಯರಮ್ಮ ಒಂದು ಮಧ್ಯಾಹ್ನ ನೀರು ಕುಡಿಯಲು ಅಡುಗೆಮನೆಗೆ ಹೋದಳು. ನಿನ್ನ ಹೆಂಡತಿ ಸಿಂಕಿನ ಹತ್ತಿರ ಬಾಟಲಿ ಬಗ್ಗಿಸುತ್ತಿದ್ದಳು. "ಅತ್ತೆ, ಯಾಕೆ ಚೆಲ್ತಿದೀಯ?" ಅಂತ ಇವಳು. "ಇದರಲ್ಲಿ ಏನೂ ಇಲ್ಲ ಕಣೇ" ಅಂತ ಅವಳು. "ಯಾರು ಟೆಸ್ಟ್ ಮಾಡಿದ್ದು?" ಅಂತ ಮತ್ತೆ ಇವಳು. ನಾನು ಒಳಗೆ ಯಂತ್ರದ ಮುಂದೆ ಕೂತಿದ್ದೆ, ನನ್ನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. ನನಗೆ, ನಿನ್ನ ಅಕ್ಕನಿಗೆ, ನರ್ಸಮ್ಮನಿಗೆ ಯಾರಿಗೂ ಹೊಳೆಯದ ಪ್ರಶ್ನೆ. ನಿನ್ನ ಹೆಂಡತಿಗೆ ಏನನ್ನಿಸಿತೋ, ಚೆಲ್ಲದೆ ಉಳಿದಿದ್ದನ್ನು ತೊಳೆದಿಟ್ಟ ಔಷಧಿ ಸೀಸೆಗೆ ಹಾಕಿ ಕೊಟ್ಟಳು. ಮಾರನೆಯ ಬೆಳಿಗ್ಗೆ ಲಾಯರಮ್ಮ ಊಟದ ಡಬ್ಬಿಯಲ್ಲಿ ಮಂಜುಗಡ್ಡೆ ಹಾಕಿ, ಅದರ ನಡುವೆ ಸೀಸೆ ಇಟ್ಟುಕೊಂಡು ಹೊರಟಳು. ಆ ದಿನ ಅವಳ ಊಟ ಏನಾಯಿತು ಅಂತ ಕೇಳಬೇಡ.

ಸಂಜೆ ಬಂದವಳು ಮಾತೇ ಆಡಲಿಲ್ಲ. ಈ ಹುಡುಗಿ ಸುಮ್ಮನೆ ಕೂತರೆ ಮನೆಯಲ್ಲಿ ಗಡಿಯಾರ ನಿಂತ ಹಾಗಿರುತ್ತದೆ. "ಏನಾಯ್ತೇ ನಿನ್ನ ಟೆಸ್ಟು?" ಅಂತ ನಿನ್ನ ಹೆಂಡತಿ ಕೇಳಿದಳು, ಸುಮ್ಮನೆ ಕೇಳಿದವಳ ಹಾಗೆ, ಒಗೆದ ಬಟ್ಟೆ ಮಡಿಸುತ್ತಾ. "ಇವತ್ತು ಮೇಡಂ ಬಂದಿರಲಿಲ್ಲ" ಅಂತ ಇವಳು ನೆಲ ನೋಡಿಕೊಂಡು ಅಂದಳು. ವಾದ ಮಾಡಲು ಬರುತ್ತದೆ, ಸುಳ್ಳು ಹೇಳಲು ಬರುವುದಿಲ್ಲ. ನಿನ್ನ ಹೆಂಡತಿ ಹೂಂ ಅಂದಳು, ಮಡಿಸಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಿಸಿದಳು. ಮಾರನೆಯ ದಿನ ಪಂಪನ್ನು ತೊಳೆದು ಒಣಗಿಸಿ ಪೆಟ್ಟಿಗೆಗೆ ಹಾಕಿ ಬೀರುವಿನ ಮೇಲಿಟ್ಟುಬಿಟ್ಟಳು. ಅಳಲಿಲ್ಲ, ಕೂಗಾಡಲಿಲ್ಲ. ಅತ್ತಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಗುಂಡಿಯ ಕಾಜಾ ಬಿಚ್ಚುವ ಕೆಲಸ ಕೊಟ್ಟೆ. ಕೈಗೆ ಕೆಲಸ ಸಿಕ್ಕಿದರೆ ಅವಳ ಬಾಯಿ ತಾನಾಗಿ ತೆರೆಯುತ್ತದೆ. ಎರಡನೇ ಕಾಜಾಕ್ಕೇ ಬಿಕ್ಕಿ ಬಿಕ್ಕಿ ಅತ್ತಳು. ತರಗತಿಯಲ್ಲಿ ಎಲ್ಲರೆದುರು ಸೀಸೆ ತೆಗೆಯಲು ನಾಚಿಕೆಯಾಯಿತಂತೆ. ಊಟದ ಬಿಡುವಿನಲ್ಲಿ ಒಬ್ಬಳೇ ಪ್ರಯೋಗದ ಕೋಣೆಗೆ ನುಗ್ಗಿ, ಕೊಳವೆಗೆ ನೀಲಿ ನೀರು ಹಾಕಿ, ಹಾಲು ಹಾಕಿ, ಕೈ ತೊಳೆಯುವ ನಲ್ಲಿಯ ಬಿಸಿನೀರನ್ನು ಲೋಟದಲ್ಲಿ ಹಿಡಿದು ಅದರಲ್ಲಿ ಇಟ್ಟಳಂತೆ. ಗಂಟೆ ಬಾರಿಸುವ ತನಕ ಕಾದಳಂತೆ. ಕೊಳವೆ ನೀಲಿಯಾಗಿಯೇ ಇತ್ತು. "ಏನೂ ಇಲ್ಲ ಅಜ್ಜಿ, ಅತ್ತೆ ಹೇಳಿದ್ದೇ ನಿಜ, ಪಾಪುಗೆ ಏನೂ ಸಿಗ್ತಿರಲಿಲ್ಲ" ಅಂತ ನನ್ನ ಸೀರೆಯಲ್ಲಿ ಮುಖ ಒರೆಸಿಕೊಂಡಳು. ಒಂದು ಗಳಿಗೆ ನಾನೂ ನಂಬಿಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಆದರೂ ಸುಮ್ಮನಿರಲು ಮನಸ್ಸು ಕೇಳಲಿಲ್ಲ. ಹೊಲಿದು ಮುಗಿಸಿದ ಸಮವಸ್ತ್ರಗಳ ಗಂಟು ಶಾಲೆಗೆ ಕೊಡುವುದಿತ್ತು, ಗಂಟನ್ನು ಒಂದು ಕೈಯಲ್ಲಿ, ಲಾಯರಮ್ಮನನ್ನು ಇನ್ನೊಂದು ಕೈಯಲ್ಲಿ ಹಿಡಿದು ಹೊರಟೆ. ಅವರ ವಿಜ್ಞಾನದ ಮೇಡಂ ನನಗೆ ಪರಿಚಯದವರೇ, ವರ್ಷಕ್ಕೊಮ್ಮೆ ಬಿಳಿ ಕೋಟಿನ ತೋಳು ಸುಟ್ಟುಕೊಂಡು ತೇಪೆಗೆ ತರುತ್ತಾರೆ. ಎಲ್ಲ ಕೇಳಿಸಿಕೊಂಡರು. ಅನುಮತಿಯಿಲ್ಲದೆ ಕೋಣೆಗೆ ಹೋದದ್ದಕ್ಕೆ ಒಂದು ಮಾತು ಬೈದರು, ಅದು ಬೇಕಿತ್ತು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, "ನೀರು ಎಷ್ಟು ಬಿಸಿ ಇತ್ತು?" "ಕೈಯಿಡೋ ಅಷ್ಟು" ಅಂತ ಲಾಯರಮ್ಮ. ಮೇಡಂ ಜೇನಿನ ಬಾಟಲಿ ತೆಗೆದು, ಕೊಳವೆಗೆ ಹಾಕಿ, ಅದೇ ನಲ್ಲಿಯ ನೀರಿನಲ್ಲಿ ಇಟ್ಟರು. ಕಾದೆವು. ನೀಲಿ, ನೀಲಿ, ನೀಲಿ. "ಹಾಗಾದ್ರೆ ಜೇನಲ್ಲೂ ಸಿಹಿ ಇಲ್ಲ ಅಂತ ಬರ್ಕೊಳ್ಳೋಣ್ವಾ?" ಅಂದರು. ಕೈಸುಡುವಷ್ಟು ಬಿಸಿಯಿಲ್ಲದೆ ಆ ನೀಲಿ ನೀರು ತಿರುಗುವುದೇ ಇಲ್ಲವಂತೆ. ಒಂದು ಕೇಸು ಸೋತದ್ದಕ್ಕೆ ಇಷ್ಟು ಖುಷಿಪಟ್ಟ ಲಾಯರನ್ನು ನಾನು ಎಲ್ಲೂ ಕಂಡಿಲ್ಲ, ಅಲ್ಲೇ ಕುಣಿದಳು. ನಾನು ಮನೆಗೆ ಹೋಗಿ ಹೇಳುತ್ತೇನೆ ಅಂದೆ. ಮೇಡಂ ತಲೆ ಅಲ್ಲಾಡಿಸಿದರು. "ನೀವು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದೀರಿ ಅಂದ್ಕೋತಾಳೆ. ಅವಳೇ ನೋಡ್ಲಿ" ಅಂದರು.

ಆವತ್ತು ಸಂಜೆಯೇ ಬಂದರು, ಚೀಲದಲ್ಲಿ ಕೊಳವೆಗಳನ್ನೂ ನೀಲಿ ನೀರಿನ ಸೀಸೆಯನ್ನೂ ಟವೆಲಿನಲ್ಲಿ ಸುತ್ತಿಕೊಂಡು. ಉಪದೇಶ ಗಿಪದೇಶ ಏನೂ ಮಾಡಲಿಲ್ಲ. "ನನ್ನ ವಿದ್ಯಾರ್ಥಿನಿ ನಿಮ್ಮ ಹಾಲಿನ ಪರೀಕ್ಷೆ ತಪ್ಪು ಮಾಡಿದಾಳೆ, ಅದನ್ನ ತಿದ್ದಿಸ್ಬೇಕು, ಒಂದು ಚಮಚ ಸಿಗುತ್ತಾ?" ಅಂತ ಅಷ್ಟೇ ಕೇಳಿದರು. "ಸುಮ್ನೆ ನಿಮ್ಮ ಸಮಯ ದಂಡ ಮೇಡಂ" ಅಂದಳು ನಿನ್ನ ಹೆಂಡತಿ, ಆದರೂ ಕೋಣೆಗೆ ಹೋಗಿ ಸಣ್ಣ ಲೋಟದಲ್ಲಿ ತಂದಳು. ತಳ ಮುಚ್ಚುವಷ್ಟೂ ಇರಲಿಲ್ಲ. ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದಳು ಕಣೋ, ಚೆಲ್ಲುತ್ತಿದ್ದವಳು. ಒಲೆಯ ಮೇಲೆ ನೀರು ಕೊತಕೊತ ಕುದಿಯುವ ತನಕ ಕಾಯಿಸಿದೆ, ಆಮೇಲೆ ಮೇಡಂ ಉರಿ ಆರಿಸಿದರು. ಮೂರು ಕೊಳವೆ. ಒಂದಕ್ಕೆ ಬರೀ ನೀರು, ಒಂದಕ್ಕೆ ಪ್ಯಾಕೆಟ್ ಹಾಲು, ಒಂದಕ್ಕೆ ಇವಳದ್ದು. ಮೂರಕ್ಕೂ ನೀಲಿ ನೀರು, ಯಾವುದಕ್ಕೂ ಒಂದು ತೊಟ್ಟು ಹೆಚ್ಚಲ್ಲ, ಒಂದು ತೊಟ್ಟು ಕಡಿಮೆಯಲ್ಲ ಅಂತ ಲಾಯರಮ್ಮನ ಕೈಯಲ್ಲೇ ಹಾಕಿಸಿದರು. ಮೂರನ್ನೂ ಪಾತ್ರೆಯಲ್ಲಿ ನಿಲ್ಲಿಸಿದೆವು. ಮಗು ನನ್ನ ಹೆಗಲ ಮೇಲಿತ್ತು, ಅದೂ ಯಾಕೋ ಕೈಕಾಲು ಆಡಿಸುವುದನ್ನು ಬಿಟ್ಟಿತ್ತು. ಮೊದಲು ಏನೂ ಆಗಲಿಲ್ಲ. ನಿನ್ನ ಹೆಂಡತಿ ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. "ಅತ್ತೆ, ಈ ಕಡೆ ನೋಡು!" ಅಂತ ಲಾಯರಮ್ಮ ಕಿರುಚಿದಳು. ನಿನ್ನ ಹೆಂಡತಿಯ ಹಾಲಿನ ಕೊಳವೆ ಹಸಿರಾಗಿತ್ತು. ನೋಡನೋಡುತ್ತ ಹಳದಿ ಬಂತು, ಕಿತ್ತಳೆ ಬಂತು, ಕೊನೆಗೆ ಹೊಸ ಇಟ್ಟಿಗೆಯ ಹಾಗೆ ಗಟ್ಟಿ ಕೆಂಪಾಗಿ ನಿಂತಿತು. ಪ್ಯಾಕೆಟ್ ಹಾಲೂ ತಿರುಗಿತ್ತು, ಆದರೆ ನಿಧಾನವಾಗಿ ಹಿಂದೆ ಹಿಂದೆ ಬರುತ್ತಿತ್ತು. ಬರೀ ನೀರು ನೀಲಿಯಾಗಿಯೇ ಇತ್ತು.

"ನೋಡಿ, ನೀರು ಅಂದ್ರೆ ಇದು" ಅಂತ ಮೇಡಂ ನೀಲಿ ಕೊಳವೆಯನ್ನು ಎತ್ತಿ ತೋರಿಸಿದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು, ಒಳ್ಳೆಯ ಹೆಂಗಸು. ಈ ಪರೀಕ್ಷೆ ಹೇಳುವುದು ಸಕ್ಕರೆ ಇದೆ ಅಂತ ಮಾತ್ರ, ಮಗುವಿಗೆ ಸಾಕಾಗುತ್ತಿದೆಯೋ ಅಂತ ಹೇಳಬೇಕಾದದ್ದು ನರ್ಸಮ್ಮನ ತಕ್ಕಡಿ, ಹಾಲು ತೆಳ್ಳಗೆ ಕಾಣುವುದಕ್ಕೂ ಒಳಗೆ ಏನಿದೆ ಅನ್ನುವುದಕ್ಕೂ ಸಂಬಂಧವಿಲ್ಲ ಅಂತ. ನಿನ್ನ ಹೆಂಡತಿ ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ಕೊಳವೆಯಿಂದ ಕಣ್ಣು ಕೀಳಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ಇನ್ನೊಂದು ಸಲ ಮಾಡ್ತೀರಾ ಮೇಡಂ?" ಮೇಡಂ ಯಾಕೆ ಅಂತ ಕೇಳಲಿಲ್ಲ, ಹೊಸ ಕೊಳವೆ ತೆಗೆದುಕೊಟ್ಟರು. ಈ ಸಲ ತೊಟ್ಟುಗಳನ್ನು ಅವಳೇ ಹಾಕಿದಳು. ನೀರನ್ನು ಮತ್ತೆ ಕುದಿಸಿದೆವು, ಮತ್ತೆ ಕಾದೆವು, ಮತ್ತೆ ಕೆಂಪಾಯಿತು. ಆಮೇಲೆ ಅವಳು ನನ್ನ ಹೆಗಲಿನಿಂದ ಮಗುವನ್ನು ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಮಗುವನ್ನು ಅವಳಾಗಿಯೇ ತೆಗೆದುಕೊಂಡು ಎಷ್ಟು ದಿನವಾಗಿತ್ತೋ. ನಾನೂ ಮೇಡಮ್ಮೂ ಚಹಾ ಕುಡಿದೆವು. ಮೂಗು ಒರೆಸಿಕೊಳ್ಳುವುದೇ ಆಯಿತು.

ಎಲ್ಲ ಒಂದೇ ಸಲಕ್ಕೆ ಸರಿಹೋಯಿತು ಅಂತಲ್ಲ. ಹಾಲು ಕಡಿಮೆಯಾಗಿತ್ತು, ಮತ್ತೆ ಏರಲು ಸಮಯ ಹಿಡಿಯಿತು. ಪಂಪು ಬೀರುವಿನ ಮೇಲಿಂದ ಇಳಿಯಿತು. ಈಗಲೂ ಒಂದು ಹೊತ್ತು ಡಬ್ಬಿ ಹಾಲು ನಡೆಯುತ್ತದೆ, ನಡೆಯಲಿ. ಮೊನ್ನೆ ನರ್ಸಮ್ಮ ಮಗುವನ್ನು ತೂಗಿ "ಶಭಾಷ್" ಅಂದರು. ನಿನ್ನ ಹೆಂಡತಿ ದಾರಿಯುದ್ದಕ್ಕೂ ಹಾಡು ಗುನುಗಿದಳು, ರಾಗ ಎಲ್ಲೋ ತಾಳ ಎಲ್ಲೋ. ಮಗು ಈಗ ಅವಳ ದನಿ ಕೇಳಿದರೆ ಸಾಕು, ನನ್ನ ಕೈಯಿಂದ ಜಿಗಿದುಬಿಡುತ್ತದೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚು, ಜಾಸ್ತಿ ಸಂತೋಷ.

ನಿನ್ನ ಅಕ್ಕ ನಿನ್ನನ್ನು ಕೇಳಿದೆ ಅಂತ ಹೇಳು ಅಂದಿದ್ದಾಳೆ. ಲಾಯರಮ್ಮ ಸುರಂಗದ ಒಳಗಿನ ಒಂದು ಕಲ್ಲು ಬೇಕು ಅಂತ ಅರ್ಜಿ ಹಾಕಿದ್ದಾಳೆ, ತರದಿದ್ದರೆ ಏನಾಗುತ್ತದೆ ಅಂತ ನಿನಗೇ ಗೊತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು, ಒದ್ದೆ ಬಟ್ಟೆಯಲ್ಲಿ ಮಲಗಬೇಡ. ಬೆಳಿಗ್ಗೆ ನೀನು ಒಳಗೆ ಇಳಿಯುವ ಹೊತ್ತಿಗೆ ನಾನು ಇಲ್ಲಿ ಯಂತ್ರಕ್ಕೆ ಎಣ್ಣೆ ಬಿಡುತ್ತಿರುತ್ತೇನೆ, ಆಗ ಒಂದು ಸಲ ನಿನ್ನ ತಲೆ ಸವರಿದೆ ಅಂತ ತಿಳಿದುಕೋ. ಚೆನ್ನಾಗಿರು ನನ್ನಪ್ಪ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ, ನಿನ್ನ ಹೆಂಡತಿ ಮಗುವಿಗೆ ಸ್ನಾನ ಮಾಡಿಸುತ್ತಿದ್ದಾಳೆ, ಬರುವಷ್ಟರಲ್ಲಿ ಮುಗಿಸಬೇಕು. ಹುಳ ಬಿಟ್ಟವರು ಯಾರು ಅಂತ ನಿನ್ನೆ ಹೇಳಿದಳು. ನೀನೇ ಕಣೋ. ಮೊದಲ ಸಲ ಬಾಟಲಿ ತುಂಬಿದಾಗ ನಿನಗೆ ತೋರಿಸಬೇಕು ಅಂತ ಕೋಣೆಯಲ್ಲಿ ಒಬ್ಬಳೇ ಇದ್ದಾಗ ವಿಡಿಯೋ ಫೋನಿನ ಮುಂದೆ ಹಿಡಿದಳಂತೆ. "ಏನೇ ಅದು, ಅಕ್ಕಿ ತೊಳೆದ ನೀರಿದ್ದ ಹಾಗಿದೆ" ಅಂದೆಯಂತೆ. ನೀನು ನಕ್ಕು ಬೇರೆ ಮಾತಿಗೆ ಹೋದೆ, ಅವಳು ಆ ಮಾತಿನಲ್ಲೇ ನಿಂತುಬಿಟ್ಟಳು. ನೀನು ತಮಾಷೆಗೆ ಅಂದದ್ದು, ನಿನ್ನ ನಾಲಿಗೆ ನನಗೆ ಗೊತ್ತಿಲ್ಲವೇ. ಅವಳಿಗೂ ಗೊತ್ತು, ಅದಕ್ಕೇ ನಿನಗೆ ಹೇಳಬಾರದು, ನೊಂದುಕೊಳ್ಳುತ್ತೀಯ ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಹೇಳುವುದಿಲ್ಲ ಅಂದಿದ್ದೇನೆ, ಬರೆಯುವುದಿಲ್ಲ ಅಂದಿಲ್ಲ. ಲಾಯರಮ್ಮನ ಸಹವಾಸ. ತಪ್ಪಾಯಿತು ಗಿಪ್ಪಾಯಿತು ಅಂತ ಶುರುಮಾಡಬೇಡ, ನಾನು ಸಿಕ್ಕಿಬೀಳುತ್ತೇನೆ. ಒಂದೇ ಒಂದು ಕೆಲಸ ಮಾಡು. ಫೋನ್ ಎತ್ತಿದ ತಕ್ಷಣ "ಪಾಪು ಎಷ್ಟು ಕುಡೀತು" ಅಂತ ಕೇಳುತ್ತೀಯಲ್ಲ, ಅದನ್ನು ಈ ಸಲ ಕೇಳಬೇಡ. ಅವಳು ಏನು ಊಟ ಮಾಡಿದಳು ಅಂತ ಕೇಳು. ಕೇಳಿ, ಅವಳು ಹೇಳಿ ಮುಗಿಸುವ ತನಕ ಸುಮ್ಮನಿರು.